ಬರತಕ್ಕ ಬಾಕಿಯೊಳಗಿನ ಬಡ್ಡಿಯನ್ನು ‘ಇನ್ನೂ ಗಳಿಸಿಲ್ಲ’ ಎಂದು ಆಡಿಟರು ಕಳೆದದ್ದು ಸರಿಯೇ?

ಬದಿಯಡ್ಕದ ಯಂತ್ರದಂಗಡಿ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನಮ್ಮದೊಂದು ಕೃಷಿ ಯಂತ್ರಗಳ ಅಂಗಡಿಯಿದೆ. ಅಣ್ಣ, ನಾನು ಮತ್ತು ಭಾವ ಸೇರಿ ಅದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಮಾಡಿಕೊಂಡಿದ್ದೇವೆ. ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಇವೇ ನಮ್ಮ ಮುಖ್ಯ ವ್ಯಾಪಾರ. ಕಳೆದ ಜನವರಿಯ ಮೊದಲ ದಿನ ಒಂದೇ ಮಾದರಿಯ 40 ಸುಲಿಯುವ ಯಂತ್ರಗಳನ್ನು ಕಂತಿನ ಮೇಲೆ ಕೊಟ್ಟೆವು. ಜಿಎಸ್‌ಟಿ ಸೇರಿ ನಗದು ಬೆಲೆ 60,000 ರೂಪಾಯಿ. ವರ್ಷಕ್ಕೆ ನೂರಕ್ಕೆ 12ರಂತೆ 7,200 ರೂಪಾಯಿ ಬಡ್ಡಿ ಸೇರಿಸಿ 67,200 ರೂಪಾಯಿಯನ್ನು ತಲಾ 5,600ರ ಹನ್ನೆರಡು ಕಂತುಗಳಾಗಿ, ಪ್ರತಿ ತಿಂಗಳ ಕೊನೆಯ ದಿನ ಕಟ್ಟಬೇಕೆಂದು ಸ್ಟಾಂಪು ಕಾಗದದಲ್ಲಿ ಕರಾರು ಬರೆಸಿಕೊಂಡಿದ್ದೇವೆ.

ಮಾರ್ಚ್ 31ಕ್ಕೆ ಎಲ್ಲರೂ ಮೂರು ಕಂತು ಕಟ್ಟಿ ಆಗಿತ್ತು. ಉಳಿದ ಒಂಬತ್ತು ಕಂತು, ಅಂದರೆ ಒಬ್ಬೊಬ್ಬರಿಂದ 50,400 ರೂಪಾಯಿ, ನಮಗೆ ಬರತಕ್ಕದ್ದು ಎಂದು ನಾನು ಲೆಕ್ಕ ಹಿಡಿದಿದ್ದೆ. ಆಡಿಟರ ಕಚೇರಿಯವರು ಅದರ ಕೆಳಗೆ ‘ಗಳಿಸದ ಹಣಕಾಸು ಶುಲ್ಕ’ ಎಂಬ ಹೆಸರಿನಲ್ಲಿ 4,226 ರೂಪಾಯಿ ಕಳೆದು, ಬಾಕಿಯನ್ನು 46,174ಕ್ಕೆ ಇಳಿಸಿದ್ದಾರೆ. ನಲವತ್ತು ಯಂತ್ರಗಳಿಗೆ ಸುಮಾರು 1,69,000 ರೂಪಾಯಿ ಲಾಭವೇ ಮಾಯವಾಯಿತು. ಕರಾರಿಗೆ ಸಹಿ ಬಿದ್ದಿದೆ, ಯಂತ್ರ ಅವರ ಅಂಗಳಕ್ಕೆ ತಲುಪಿದೆ, ಹಣ ಕೊಡುತ್ತೇವೆಂದು ಅವರು ಒಪ್ಪಿದ್ದಾರೆ. ಹಾಗಿರುವಾಗ ಅದು ನಾವು ಗಳಿಸದ ಹಣ ಹೇಗಾಗುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉಪ್ಪಳದ ಮೊಬೈಲಂಗಡಿ

ನಾನೂ ಹೀಗೆಯೇ ಲೆಕ್ಕ ಹಿಡಿಯುತ್ತೇನೆ, ಈವರೆಗೆ ಯಾರೂ ಕೇಳಿಲ್ಲ. ಬಿಲ್ಲು ಆದ ಮೇಲೆ ಅದು ವ್ಯಾಪಾರ, ವ್ಯಾಪಾರವಾದ ಮೇಲೆ ಅದು ಲಾಭ. ನಿಮ್ಮ ಆಡಿಟರಿಗೆ ಕೆಲಸ ಕಡಿಮೆಯಿರಬೇಕು.

ಕುಂಬಳೆಯ ಲೆಕ್ಕಿಗ

ಉಪ್ಪಳದವರೇ, ಯಾರೂ ಕೇಳಲಿಲ್ಲ ಎಂಬುದು ಲೆಕ್ಕ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಬದಿಯಡ್ಕದವರ ಆಡಿಟರು ಮಾಡಿದ್ದು ಸರಿಯಾಗಿದೆ.

ನೀವು ಒಂದೇ ದಿನ ಎರಡು ವ್ಯವಹಾರ ಮಾಡಿದ್ದೀರಿ. ಒಂದು, 60,000 ರೂಪಾಯಿಗೆ ಯಂತ್ರ ಮಾರಿದ್ದು. ಯಂತ್ರ ತಲುಪಿಸಿದ ದಿನವೇ ಆ ಕೆಲಸ ಪೂರ್ತಿಯಾಯಿತು. ಆದ್ದರಿಂದ ಅದರ ಮೇಲಿನ ಲಾಭವನ್ನು ಅಂದೇ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೂ ಬೇಕು. ಇನ್ನೊಂದು, ಆ 60,000 ರೂಪಾಯಿಯನ್ನು ಕೂಡಲೇ ಕೇಳದೆ ಹನ್ನೆರಡು ತಿಂಗಳು ಅವರ ಕೈಯಲ್ಲಿ ಬಿಟ್ಟದ್ದು. 7,200 ರೂಪಾಯಿ ಈ ಎರಡನೆಯ ಕೆಲಸಕ್ಕೆ ಸಿಗುವ ಪ್ರತಿಫಲ, ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಪೇಟೆಯಲ್ಲಿ ನಿಮಗೊಂದು ಕಟ್ಟಡವಿದ್ದು, ವರ್ಷಕ್ಕೆ ಬಾಡಿಗೆಗೆ ಕೊಟ್ಟು ಕರಾರು ಮಾಡಿಕೊಂಡರೆ, ಮೊದಲ ದಿನವೇ ಹನ್ನೆರಡು ತಿಂಗಳ ಬಾಡಿಗೆಯನ್ನು ಆದಾಯವೆಂದು ಬರೆಯುತ್ತೀರಾ? ಬಡ್ಡಿಯೂ ಹಣದ ಬಾಡಿಗೆಯೇ. ಮಾರ್ಚ್ 31ಕ್ಕೆ ನಿಮ್ಮ ಹಣ ಅವರ ಬಳಿ ಮೂರು ತಿಂಗಳು ಇತ್ತು, ಮೂರು ತಿಂಗಳ ಬಾಡಿಗೆಯಷ್ಟೇ ನಿಮ್ಮದು.

ಮುಳ್ಳೇರಿಯಾದ ಕೃಷಿಕ

ಲೆಕ್ಕಿಗರ ಮಾತು ನನಗೆ ಅಡಿಕೆಯ ಭಾಷೆಯಲ್ಲಿ ಹೀಗೆ ಅರ್ಥವಾಯಿತು: ಮರದಲ್ಲಿ ಎಳೆ ಗೊನೆಯಿರುವಾಗಲೇ ಅದನ್ನು ಚಾಲಿಯ, ಅಂದರೆ ಒಣಗಿಸಿ ಸುಲಿದ ಅಡಿಕೆಯ, ಲೆಕ್ಕದಲ್ಲಿ ಬರೆದಿಟ್ಟಂತೆ.

ಪೆರ್ಲದ ನಿವೃತ್ತ ಮಾಸ್ತರು

ಹೋಲಿಕೆ ಚೆನ್ನಾಗಿದೆ, ಆದರೆ ಅದು ದಾರಿ ತಪ್ಪಿಸುತ್ತದೆ. ಎಳೆ ಗೊನೆ ಮಳೆಗಾಲದಲ್ಲಿ ಕೊಳೆರೋಗ ಬಂದು ಉದುರಬಹುದು, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯದಿರಲು ಕಾರಣ ಅಪಾಯ. ಇಲ್ಲಿ ಬಡ್ಡಿಯನ್ನು ಕಳೆಯುವುದಕ್ಕೆ ಅಪಾಯ ಕಾರಣವಲ್ಲ. ಗ್ರಾಹಕ ಎಷ್ಟೇ ಪ್ರಾಮಾಣಿಕನಾಗಿದ್ದು, ಕಂತು ಬಂದೇ ಬರುತ್ತದೆ ಎಂಬುದು ಸೂರ್ಯೋದಯದಷ್ಟು ಖಚಿತವಾಗಿದ್ದರೂ ಆ 4,226 ರೂಪಾಯಿ ಮಾರ್ಚ್ 31ಕ್ಕೆ ಗಳಿಸಿದ್ದಾಗುವುದಿಲ್ಲ, ಏಕೆಂದರೆ ಆ ಕಾಲ ಇನ್ನೂ ಕಳೆದಿಲ್ಲ. ಹಣ ಬಾರದೆ ಹೋಗಬಹುದೆಂಬ ಭಯಕ್ಕೆ ಬೇರೆಯೇ ಖಾತೆಯಿದೆ, ಅದು ಸಂದೇಹಾಸ್ಪದ ಸಾಲದ ಮೀಸಲು. ಇವೆರಡನ್ನು ಒಂದೇ ಬುಟ್ಟಿಗೆ ಹಾಕಿದರೆ ಮುಂದೆ ಎಲ್ಲ ಲೆಕ್ಕವೂ ಕಲಸಿಹೋಗುತ್ತದೆ.

ಮುಳ್ಳೇರಿಯಾದ ಕೃಷಿಕ

ಮಾಸ್ತರೇ, ಒಪ್ಪಿದೆ. ಕೊಳೆರೋಗವನ್ನು ನೆನಪಿಸದಿದ್ದರೆ ಒಳ್ಳೆಯದಿತ್ತು.

ಬದಿಯಡ್ಕದ ಯಂತ್ರದಂಗಡಿ

ಬಾಡಿಗೆಯ ಉದಾಹರಣೆ ಮನಸ್ಸಿಗೆ ಹತ್ತಿತು. ಆದರೆ ಹನ್ನೆರಡು ತಿಂಗಳಿಗೆ 7,200 ಎಂದಾದರೆ ತಿಂಗಳಿಗೆ 600, ಮೂರು ತಿಂಗಳಿಗೆ 1,800 ಗಳಿಸಿದಂತಾಯಿತು. ಉಳಿದದ್ದು 5,400 ಆಗಬೇಕಿತ್ತು. ಆಡಿಟರು 4,226 ಮಾತ್ರ ಕಳೆದಿದ್ದಾರೆ. ಅವರೇ ತಪ್ಪಿದರೇ?

ಪೆರ್ಲದ ನಿವೃತ್ತ ಮಾಸ್ತರು

ತಪ್ಪಿಲ್ಲ. ಕಟ್ಟಡದ ಬಾಡಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಕಟ್ಟಡ ತಿಂಗಳಿಂದ ತಿಂಗಳಿಗೆ ಸಣ್ಣದಾಗುವುದಿಲ್ಲ. ನಿಮ್ಮ ಹಣವಾದರೋ ಪ್ರತಿ ಕಂತಿನೊಂದಿಗೆ ಸ್ವಲ್ಪ ಸ್ವಲ್ಪ ಹಿಂದಿರುಗುತ್ತದೆ. ಜನವರಿಯಲ್ಲಿ ಗ್ರಾಹಕನ ಬಳಿ 60,000 ಪೂರ್ತಿ ಇತ್ತು, ಡಿಸೆಂಬರಿನಲ್ಲಿ ಐದೂವರೆ ಸಾವಿರ ಮಾತ್ರ ಇರುತ್ತದೆ. ಎರಡೂ ತಿಂಗಳಿಗೆ ಒಂದೇ ಬಡ್ಡಿ ಎನ್ನುವುದು ನ್ಯಾಯವಲ್ಲ.

ಹನ್ನೆರಡು ಕಂತು ಕಟ್ಟಿದಾಗ ಬಾಕಿ ಸೊನ್ನೆಯಾಗುವಂತಹ ಮಾಸಿಕ ದರವನ್ನು ಹುಡುಕಿದರೆ ಅದು ನೂರಕ್ಕೆ ಸುಮಾರು 1.788 ಆಗುತ್ತದೆ. ಮೊದಲ ತಿಂಗಳ ಬಡ್ಡಿ 60,000ದ ಮೇಲೆ 1,072.80. ಕಂತು 5,600ರಲ್ಲಿ ಅದನ್ನು ಕಳೆದು ಉಳಿದದ್ದು ಅಸಲಿಗೆ ಹೋಗುತ್ತದೆ, ಬಾಕಿ 55,472.80. ಎರಡನೆಯ ತಿಂಗಳ ಬಡ್ಡಿ 991.85, ಬಾಕಿ 50,864.65. ಮೂರನೆಯದು 909.46, ಬಾಕಿ 46,174.11. ಮೂರೂ ಸೇರಿ ಗಳಿಸಿದ್ದು 2,974, ಗಳಿಸದ್ದು 4,226. ನಿಮ್ಮ ಆಡಿಟರ ಅಂಕಿ ರೂಪಾಯಿಗೆ ರೂಪಾಯಿ ಹೊಂದುತ್ತದೆ.

ಇನ್ನೊಂದು ಮಾತು, ಕೋಪಿಸಿಕೊಳ್ಳಬೇಡಿ. ತಿಂಗಳಿಗೆ 1.788 ಎಂದರೆ ವರ್ಷಕ್ಕೆ ಹತ್ತಿರಹತ್ತಿರ ಇಪ್ಪತ್ತೊಂದೂವರೆ. ನೀವು ಕರಾರಿನಲ್ಲಿ ಬರೆದ 12 ಫ್ಲಾಟ್ ದರ, ಅಂದರೆ ಬಾಕಿ ಇಳಿದರೂ ಮೊದಲಿನ ಪೂರ್ತಿ ಅಸಲಿನ ಮೇಲೆಯೇ ಹಿಡಿದ ದರ. ಅದು ಗ್ರಾಹಕ ನಿಜವಾಗಿ ಕೊಡುವ ದರವಲ್ಲ.

ಬದಿಯಡ್ಕದ ಯಂತ್ರದಂಗಡಿ

ಇಪ್ಪತ್ತೊಂದೂವರೆಯೇ! ಮಾಸ್ತರೇ, ಇದು ನನಗೂ ಇಂದೇ ತಿಳಿದದ್ದು. ಅಣ್ಣನಿಗೆ ತೋರಿಸಿದೆ, ‘ಹಾಗಾದರೆ ನಾವು ಇಷ್ಟು ಒಳ್ಳೆಯ ವ್ಯಾಪಾರ ಮಾಡುತ್ತಿದ್ದೇವೆಯೇ’ ಎಂದ.

ಮುಳ್ಳೇರಿಯಾದ ಕೃಷಿಕ

ನಿಮ್ಮ ಅಣ್ಣನಿಗೆ ಸಂತೋಷ, ನಮಗೆ ಸಂಕಟ.

ಮಂಜೇಶ್ವರದ ಸಿಎ ವಿದ್ಯಾರ್ಥಿನಿ

ನಮ್ಮ ದೇಶದ ಲೆಕ್ಕಪತ್ರ ಮಾನದಂಡದಲ್ಲಿ ಈ ಪ್ರಶ್ನೆಗೆ ನೇರ ಉತ್ತರವೇ ಇದೆ. ಆದಾಯವನ್ನು ಯಾವಾಗ ಗುರುತಿಸಬೇಕೆಂದು ಹೇಳುವ ಎಎಸ್ 9ರ ಉದಾಹರಣೆಗಳಲ್ಲಿ ಕಂತಿನ ಮಾರಾಟವನ್ನು ಪ್ರತ್ಯೇಕವಾಗಿ ಎತ್ತಿಕೊಂಡಿದ್ದಾರೆ: ಬಡ್ಡಿಯನ್ನು ಬಿಟ್ಟ ಮಾರಾಟ ಬೆಲೆಯನ್ನು ಮಾರಾಟದ ದಿನವೇ ಆದಾಯವಾಗಿ ತೆಗೆದುಕೊಳ್ಳಬೇಕು, ಬಡ್ಡಿಯ ಭಾಗವನ್ನು ಮಾರಾಟಗಾರನಿಗೆ ಇನ್ನೂ ಬರಬೇಕಾದ ಬಾಕಿಗೆ ಅನುಗುಣವಾಗಿ ತೆಗೆದುಕೊಳ್ಳಬೇಕು. ‘ಬಾಕಿಗೆ ಅನುಗುಣವಾಗಿ’ ಎಂದಿರುವುದರಿಂದಲೇ ತಿಂಗಳಿಗೆ 600ರಂತೆ ಸಮನಾಗಿ ಹಂಚುವುದು ತಪ್ಪಾಗುತ್ತದೆ. ಇಂಡ್ ಎಎಸ್ ಎಂಬ ಇನ್ನೊಂದು ಮಾನದಂಡಗಳ ಸರಣಿ ಅನ್ವಯಿಸುವ ದೊಡ್ಡ ಕಂಪನಿಗಳಿಗೆ ಇದನ್ನೇ ಇಂಡ್ ಎಎಸ್ 109 ಪರಿಣಾಮಕ ಬಡ್ಡಿ ದರದ ವಿಧಾನ ಎಂದು ಹೇಳುತ್ತದೆ. ತೆರಿಗೆಗಾಗಿ ಆದಾಯವನ್ನು ಲೆಕ್ಕ ಹಾಕುವ ಮಾನದಂಡವಾದ ಐಸಿಡಿಎಸ್ 4 ಕೂಡ ಬಡ್ಡಿಯು ಬಾಕಿ ಮೊತ್ತ ಮತ್ತು ದರದ ಆಧಾರದಲ್ಲಿ ಕಾಲಕ್ಕೆ ತಕ್ಕಂತೆ ಸಲ್ಲುತ್ತದೆ ಎನ್ನುತ್ತದೆ. ಆದ್ದರಿಂದ ಅಣ್ಣಾ, ಲಾಭ ಮಾಯವಾಯಿತೆಂದು ಬೇಸರಪಡುವ ಬದಲು, ಇನ್ನೂ ಗಳಿಸದ ಹಣಕ್ಕೆ ಈ ವರ್ಷವೇ ತೆರಿಗೆ ಕಟ್ಟುವುದು ತಪ್ಪಿತೆಂದು ನೋಡಿ.

ಅಮೆರಿಕದಲ್ಲಿಯೂ ಇದು ಹಳೆಯ ನಿಯಮ. ಅಲ್ಲಿನ ಅಕೌಂಟಿಂಗ್ ಪ್ರಿನ್ಸಿಪಲ್ಸ್ ಬೋರ್ಡ್ 1965ರಲ್ಲಿ ಪ್ರಕಟಿಸಿದ ಆರನೆಯ ಅಭಿಪ್ರಾಯದಲ್ಲಿಯೇ, ಬರತಕ್ಕ ಬಾಕಿಯ ಮುಖಬೆಲೆಯಲ್ಲಿ ಸೇರಿಹೋಗಿರುವ ಗಳಿಸದ ಹಣಕಾಸು ಶುಲ್ಕ ಮತ್ತು ಬಡ್ಡಿಯನ್ನು ಆ ಬಾಕಿಯಿಂದಲೇ ಕಳೆದು ತೋರಿಸಬೇಕೆಂದು ಹೇಳಲಾಗಿತ್ತು.

ಸೀತಾಂಗೋಳಿಯ ಸಣ್ಣ ಕೈಗಾರಿಕೆ

‘ಕಳೆದು ತೋರಿಸಬೇಕು’ ಎಂಬಲ್ಲಿ ನನಗೊಂದು ಸಂಶಯ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದಲ್ಲಿ ಗಳಿಸದ ಬಡ್ಡಿ ಎಂಬ ಲೆಡ್ಜರು ಜಮೆಯ ಬದಿಯಲ್ಲಿ ನಿಲ್ಲುತ್ತದೆ. ಜಮೆ ಬಾಕಿಯಿದ್ದ ಮೇಲೆ ಅದು ಜವಾಬ್ದಾರಿಯಲ್ಲವೇ? ಮುಂಗಡವಾಗಿ ಬಂದ ಆದಾಯದಂತೆ ಬ್ಯಾಲೆನ್ಸ್ ಶೀಟಿನಲ್ಲಿ ಜವಾಬ್ದಾರಿಯ ಬದಿಗೆ ಹಾಕಿದರೆ ಏನು ತಪ್ಪು? ನಮ್ಮ ಅಕೌಂಟೆಂಟ್ ಹಾಗೆಯೇ ಹಾಕುತ್ತಾನೆ, ಎರಡೂ ಬದಿ ತಾಳೆಯಾಗುತ್ತದೆ.

ಕುಂಬಳೆಯ ಲೆಕ್ಕಿಗ

ತಾಳೆಯಾಗುತ್ತದೆ, ಆದರೆ ಸುಳ್ಳು ಹೇಳುತ್ತದೆ. ಬದಿಯಡ್ಕದವರು ಯಂತ್ರದ ಜೊತೆಗೆ ಒಂದು ವರ್ಷದ ಸರ್ವೀಸ್ ಕರಾರಿನ ಹಣವನ್ನು ಮೊದಲೇ ಪಡೆದುಕೊಂಡರು ಎಂದಿಟ್ಟುಕೊಳ್ಳಿ. ಹಣ ಕೈಗೆ ಬಂದಿದೆ, ಕೆಲಸ ಬಾಕಿಯಿದೆ. ಅಂಗಡಿ ನಾಳೆ ಮುಚ್ಚಿದರೆ ಆ ಹಣವನ್ನು ಹಿಂದಿರುಗಿಸಬೇಕು. ಅದು ಜವಾಬ್ದಾರಿ. ಗಳಿಸದ ಬಡ್ಡಿಯ ವಿಷಯದಲ್ಲಿ ಹಣವೇ ಬಂದಿಲ್ಲ. ಅಂಗಡಿ ನಾಳೆ ಮುಚ್ಚಿದರೆ ಆ 4,226 ರೂಪಾಯಿಯನ್ನು ಯಾರಿಗೆ ಕೊಡಬೇಕು? ಯಾರಿಗೂ ಇಲ್ಲ. ಕೊಡಬೇಕಾದದ್ದು ಇಲ್ಲದ ಮೇಲೆ ಜವಾಬ್ದಾರಿ ಎಲ್ಲಿಂದ ಬಂತು? ಬರತಕ್ಕ ಬಾಕಿಯನ್ನು ನಾವೇ ಉಬ್ಬಿಸಿ ಬರೆದಿದ್ದೇವೆ, ಆ ಉಬ್ಬನ್ನು ತೆಗೆಯಲು ಈ ಖಾತೆ ಇದೆ, ಅಷ್ಟೇ.

ಬರೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮಾರಾಟದ ದಿನ ಗ್ರಾಹಕರ ಖಾತೆಗೆ 67,200 ಖರ್ಚು (ಡೆಬಿಟ್) ಹಾಕಿ, ಮಾರಾಟ ಮತ್ತು ಜಿಎಸ್‌ಟಿ ಖಾತೆಗಳಿಗೆ ಒಟ್ಟು 60,000, ಗಳಿಸದ ಬಡ್ಡಿ ಖಾತೆಗೆ 7,200 ಜಮೆ (ಕ್ರೆಡಿಟ್) ಹಾಕಿ. ಆಮೇಲೆ ಪ್ರತಿ ತಿಂಗಳ ಕೊನೆಯಲ್ಲಿ ಮಾಸ್ತರು ಕೊಟ್ಟ ಪಟ್ಟಿಯಂತೆ ಗಳಿಸದ ಬಡ್ಡಿಯಿಂದ ಬಡ್ಡಿ ಆದಾಯಕ್ಕೆ ವರ್ಗಾಯಿಸಿ. ಬ್ಯಾಲೆನ್ಸ್ ಶೀಟಿನಲ್ಲಿ ಬಾಕಿ 50,400, ಕಳೆ 4,226, ನಿವ್ವಳ 46,174 ಎಂದು ಒಂದೇ ಜಾಗದಲ್ಲಿ ಕಾಣಬೇಕು.

ಕಾಸರಗೋಡಿನ ನಿವೃತ್ತ ಬ್ಯಾಂಕಿನವ

ಲೆಕ್ಕಿಗರ ಮಾತಿಗೆ ಬ್ಯಾಂಕಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಕ್ಯಾಷ್ ಕ್ರೆಡಿಟ್ ಕೊಡುವಾಗ ನಾವು ದಾಸ್ತಾನು ಮತ್ತು ಬರತಕ್ಕ ಬಾಕಿಯ ಮೇಲೆ ಡ್ರಾಯಿಂಗ್ ಪವರ್, ಅಂದರೆ ಎಷ್ಟು ಸಾಲ ಎತ್ತಬಹುದೆಂಬ ಮಿತಿ, ಲೆಕ್ಕ ಹಾಕುತ್ತೇವೆ. ಬಾಕಿಯ ಪಟ್ಟಿಯಲ್ಲಿ ಗಳಿಸದ ಬಡ್ಡಿ ಸೇರಿದ್ದರೆ, ಮುಂದೆ ಹುಟ್ಟಬೇಕಾದ ಬಡ್ಡಿಯ ಮೇಲೆ ಇಂದೇ ಸಾಲ ಕೊಟ್ಟಂತಾಗುತ್ತದೆ.

ನಾನು ಸೇವೆಯಲ್ಲಿದ್ದಾಗ ವಾಹನಗಳಿಗೆ ಹೈಯರ್ ಪರ್ಚೇಸ್ (ಕಂತು ತೀರಿದ ಮೇಲೆ ಮಾಲಿಕತ್ವ ಸಿಗುವ ಬಾಡಿಗೆ ಖರೀದಿ) ಕೊಡುತ್ತಿದ್ದ ಒಂದು ಕಂಪನಿಯ ಕಡತ ನನ್ನ ಮೇಜಿಗೆ ಬಂದಿತ್ತು. ಬಾಕಿ ಪಟ್ಟಿ ನೋಡಿದರೆ ಕಂಪನಿ ದಷ್ಟಪುಷ್ಟವಾಗಿತ್ತು. ಮೂರು ವರ್ಷದ ಕಂತು, ಫ್ಲಾಟ್ ದರ 15. ಲಕ್ಷ ರೂಪಾಯಿ ಕೊಟ್ಟರೆ 45,000 ಬಡ್ಡಿ ಸೇರಿ ಮೊದಲ ದಿನವೇ ಪುಸ್ತಕದಲ್ಲಿ 1,45,000 ಬಾಕಿ. ಅದರಲ್ಲಿ ನೂರಕ್ಕೆ 31 ಭಾಗ ಬರಿಯ ಗಾಳಿ. ಹೊಸ ಸಾಲ ಹೆಚ್ಚು ಕೊಟ್ಟಷ್ಟೂ ಗಾಳಿ ಹೆಚ್ಚುತ್ತದೆ, ಲಾಭವೂ ಹೆಚ್ಚಿದಂತೆ ಕಾಣುತ್ತದೆ, ವ್ಯಾಪಾರ ನಿಂತ ವರ್ಷ ಎಲ್ಲವೂ ಒಮ್ಮೆಗೇ ಕುಸಿಯುತ್ತದೆ. ನಾನು ಗಳಿಸದ ಬಡ್ಡಿಯನ್ನು ಕಳೆದು ಮಿತಿಯನ್ನು ಇಳಿಸಿದಾಗ ಆ ಕಂಪನಿಯವರು ನನ್ನ ಮೇಲಧಿಕಾರಿಯವರೆಗೂ ದೂರು ಒಯ್ದರು.

ರಿಸರ್ವ್ ಬ್ಯಾಂಕು ಹಣಕಾಸು ಕಂಪನಿಗಳ ಹೈಯರ್ ಪರ್ಚೇಸ್ ಆಸ್ತಿಯ ಪುಸ್ತಕ ಬೆಲೆಯನ್ನು ಲೆಕ್ಕ ಹಾಕುವಾಗ ಬಂದಿರದ ಮತ್ತು ಮುಂದೆ ಬರಬೇಕಾದ ಕಂತುಗಳಿಂದ ‘ಬಲಿಯದ ಹಣಕಾಸು ಶುಲ್ಕ’ವನ್ನು ಕಳೆಯಬೇಕೆಂದು ಹೇಳಿತ್ತು. ಮುಳ್ಳೇರಿಯಾದವರ ಎಳೆ ಗೊನೆ ಅಷ್ಟೇನೂ ದೂರದ ಹೋಲಿಕೆಯಲ್ಲ ನೋಡಿ.

ಮುಳ್ಳೇರಿಯಾದ ಕೃಷಿಕ

ಮಾಸ್ತರೇ, ನನ್ನ ಪರವಾಗಿ ರಿಸರ್ವ್ ಬ್ಯಾಂಕೇ ಇದೆ.

ನನ್ನ ಅನುಭವವನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಬೇರೆ ಒಂದು ಊರಿನ ಅಂಗಡಿಯಿಂದ ಹನ್ನೆರಡು ಕಂತಿಗೆ ಯಂತ್ರ ತಂದಿದ್ದೆ. ಚಾಲಿಗೆ ಒಳ್ಳೆಯ ದರ ಬಂದದ್ದರಿಂದ ಆರು ಕಂತಿನ ನಂತರ ಎಲ್ಲವನ್ನೂ ಚುಕ್ತಾ ಮಾಡಲು ಹೋದೆ. ಉಳಿದ ಆರು ಕಂತಿನ ಪೂರ್ತಿ ಹಣವನ್ನೂ ಇಡಬೇಕೆಂದರು. ಬಡ್ಡಿ ಬಿಡಿ ಎಂದರೆ, ‘ಅದನ್ನು ಆಗಲೇ ಲಾಭಕ್ಕೆ ಹಾಕಿ ಆಗಿದೆ, ಈಗ ತೆಗೆಯಲು ಬರುವುದಿಲ್ಲ’ ಎಂಬ ಉತ್ತರ ಬಂತು. ಈಗ ಗೊತ್ತಾಯಿತು, ಅವರೂ ನಮ್ಮ ಬದಿಯಡ್ಕದವರಂತೆಯೇ ಲೆಕ್ಕ ಹಿಡಿದಿದ್ದರು. ಬದಿಯಡ್ಕದವರ ಕರಾರಿನ ಅಂಕಿಯಲ್ಲಿ ಆರು ಕಂತಿನ ನಂತರ ಮುಗಿಸುವುದಾದರೆ ನ್ಯಾಯವಾಗಿ ಎಷ್ಟು ಕೊಡಬೇಕು?

ಪೆರ್ಲದ ನಿವೃತ್ತ ಮಾಸ್ತರು

ಆರು ಕಂತಿನ ಮುಖಬೆಲೆ 33,600. ಅಷ್ಟರಲ್ಲಿ ಗಳಿಸಿದ ಬಡ್ಡಿ 5,193, ಗಳಿಸದ್ದು 2,007. ಕೊಡಬೇಕಾದದ್ದು 31,593.

ಹಳೆಯ ಕಾಲದ ಕಂಪನಿಗಳು ಇದಕ್ಕೆ ‘78ರ ಸೂತ್ರ’ ಬಳಸುತ್ತಿದ್ದವು. ಒಂದರಿಂದ ಹನ್ನೆರಡರವರೆಗಿನ ಅಂಕಿಗಳ ಮೊತ್ತ 78. ಮೊದಲ ತಿಂಗಳಿಗೆ ಬಡ್ಡಿಯ 78ರಲ್ಲಿ 12 ಪಾಲು, ಎರಡನೆಯದಕ್ಕೆ 11, ಹೀಗೆ ಕೊನೆಯ ತಿಂಗಳಿಗೆ ಒಂದು ಪಾಲು. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಕೈಯಲ್ಲಿ ಮಾಡಬಹುದಾದ ಜಾಣ ಉಪಾಯ ಅದು. ನಿಮ್ಮ ಉದಾಹರಣೆಯಲ್ಲಿ ಆ ಸೂತ್ರದಂತೆ ಕೊಡಬೇಕಾದದ್ದು 31,662, ವ್ಯತ್ಯಾಸ 69 ರೂಪಾಯಿ ಮಾತ್ರ. ಆದರೆ ಅವಧಿ ಉದ್ದವಾದಂತೆ ಇದು ಸಾಲಗಾರನಿಗೆ ಮುಳ್ಳಾಗುತ್ತದೆ. ಅದೇ 60,000ವನ್ನು ಅದೇ ಫ್ಲಾಟ್ ದರದಲ್ಲಿ ಅರುವತ್ತು ತಿಂಗಳಿಗೆ ಕೊಟ್ಟರೆ ಒಟ್ಟು ಬಡ್ಡಿ 36,000, ಕಂತು 1,600. ಮೊದಲ ತಿಂಗಳಿಗೆ ನ್ಯಾಯವಾದ ಬಡ್ಡಿ ಸುಮಾರು 1,015, ಸೂತ್ರದ ಬಡ್ಡಿ 1,180. ಒಂದೇ ತಿಂಗಳಲ್ಲಿ 165 ರೂಪಾಯಿ ಹೆಚ್ಚು. ಹೀಗೆ ಆರಂಭದಲ್ಲಿಯೇ ಬಡ್ಡಿಯನ್ನು ಬಾಚಿಕೊಳ್ಳುವುದರಿಂದ, ಬೇಗ ಮುಗಿಸುವವನಿಗೆ ಅಸಲು ಇಳಿದಿರುವುದೇ ಕಾಣುವುದಿಲ್ಲ. ಅಮೆರಿಕದಲ್ಲಿ 1992ರ ಕಾನೂನು 61 ತಿಂಗಳಿಗಿಂತ ಉದ್ದದ ಗ್ರಾಹಕ ಸಾಲಗಳಿಗೆ ಈ ಸೂತ್ರವನ್ನು ನಿಷೇಧಿಸಿತು.

ಕಾಸರಗೋಡಿನ ನಿವೃತ್ತ ಬ್ಯಾಂಕಿನವ

ನಮ್ಮಲ್ಲಿ ಬೇಗ ಮುಗಿಸುವವನಿಗೆ ರಿಯಾಯಿತಿಯ ಹಕ್ಕು ಕೊಡುವ ಹೈಯರ್ ಪರ್ಚೇಸ್ ಕಾಯಿದೆಯನ್ನು 1972ರಲ್ಲಿ ಸಂಸತ್ತು ಅಂಗೀಕರಿಸಿತ್ತು. ಅದು ಜಾರಿಗೇ ಬರಲಿಲ್ಲ, 2005ರಲ್ಲಿ ಅದನ್ನು ರದ್ದುಗೊಳಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಿದೆ ಕಪಾಟಿನಲ್ಲಿ ಮಲಗಿತ್ತು.

ಮಂಜೇಶ್ವರದ ಸಿಎ ವಿದ್ಯಾರ್ಥಿನಿ

ಮುಳ್ಳೇರಿಯಾದವರ ಪ್ರಸಂಗದಲ್ಲಿ ಒಂದು ಸೂಕ್ಷ್ಮವಿದೆ. ಲೆಕ್ಕದ ವಿಧಾನವೇ ಬೇರೆ, ಕರಾರಿನ ಹಕ್ಕೇ ಬೇರೆ. ಅವಧಿಗೆ ಮೊದಲು ಮುಗಿಸಿದರೂ ಪೂರ್ತಿ ಬಡ್ಡಿ ಕೊಡಬೇಕೆಂದು ಕರಾರಿನಲ್ಲಿದ್ದು, ಗ್ರಾಹಕ ಹಾಗೆಯೇ ಕೊಟ್ಟರೆ, ಉಳಿದ ಗಳಿಸದ ಬಡ್ಡಿಯೆಲ್ಲವೂ ಹಣ ಬಂದ ದಿನ ಆದಾಯವಾಗುತ್ತದೆ. ರಿಯಾಯಿತಿ ಕೊಟ್ಟರೆ ಗಳಿಸದ ಬಡ್ಡಿಯನ್ನು ಗ್ರಾಹಕರ ಖಾತೆಗೇ ತಿರುಗಿಸಿ ಬರೆಯಬೇಕು, ಲಾಭ-ನಷ್ಟ ಖಾತೆಯನ್ನು ಮುಟ್ಟಬೇಕಾಗಿಯೇ ಇಲ್ಲ. ಮೊದಲಿನಿಂದ ಸರಿಯಾಗಿ ಬರೆದಿದ್ದರೆ, ‘ಲಾಭಕ್ಕೆ ಹಾಕಿ ಆಗಿದೆ’ ಎಂಬ ನೆಪಕ್ಕೆ ಆ ಅಂಗಡಿಯವರಿಗೆ ಆಸ್ಪದವೇ ಇರುತ್ತಿರಲಿಲ್ಲ.

ನೀರ್ಚಾಲಿನ ಅಕ್ಕ

ಓದುತ್ತಾ ಬಂದಾಗ ಒಂದು ಸಂದೇಹ ಹುಟ್ಟಿತು. ನಮ್ಮ ಮನೆಯಲ್ಲಿ ಚಿಟ್ಟಿಯಿದೆ, ತಿಂಗಳು ತಿಂಗಳು ‘ವೀತಪಲಿಶೆ’ ಸಿಗುತ್ತದೆ. ಅದರಲ್ಲಿಯೂ ಗಳಿಸದ ಬಡ್ಡಿ ಎಂಬುದು ಇದೆಯೇ?

ಕುಂಬಳೆಯ ಲೆಕ್ಕಿಗ

ಅಕ್ಕ, ಹೆಸರಿನಲ್ಲಿ ಪಲಿಶೆ ಇದ್ದರೂ ಅದು ಬಡ್ಡಿಯಲ್ಲ. ಚಿಟ್ಟಿ ಕರೆದವರು, ಅಂದರೆ ಹರಾಜಿನಲ್ಲಿ ಹಣ ಎತ್ತಿದವರು, ಬಿಟ್ಟುಕೊಟ್ಟ ಮೊತ್ತದಲ್ಲಿ ಚಿಟ್ಟಿ ನಡೆಸುವ ಫೋರ್‌ಮನ್‌ನ ಕಮಿಷನ್ ಕಳೆದು ಉಳಿದದ್ದನ್ನು ಸದಸ್ಯರಿಗೆ ಹಂಚುತ್ತಾರೆ. ಪ್ರತಿ ತಿಂಗಳ ಕರೆ ಮುಗಿದಾಗ ಆ ತಿಂಗಳ ಪಾಲು ನಿರ್ಧಾರವಾಗುತ್ತದೆ, ಮುಂದಿನದನ್ನು ಯಾರೂ ಮೊದಲೇ ಬರೆದಿಡುವುದಿಲ್ಲ. ಇಲ್ಲಿನ ಪ್ರಶ್ನೆ ಅದಕ್ಕೆ ತಗಲುವುದಿಲ್ಲ.

ಉಪ್ಪಳದ ಮೊಬೈಲಂಗಡಿ

ನಾನು ಮೊದಲು ಬರೆದದ್ದನ್ನು ಹಿಂದೆಗೆದುಕೊಳ್ಳುತ್ತೇನೆ, ನಮ್ಮ ಕನ್ಸಲ್ಟೆಂಟರೂ ಇದನ್ನೇ ಹೇಳಿದರು. ಆದರೆ ಅವರು ಇನ್ನೊಂದು ವಿಷಯ ಎತ್ತಿದರು, ಬದಿಯಡ್ಕದವರಿಗೂ ಬೇಕಾಗಬಹುದು. ಕಂತು ತಡವಾದರೆ ನಾವು ಹಾಕುವ ದಂಡದ ಬಡ್ಡಿಗೆ ಜಿಎಸ್‌ಟಿ ಇದೆ. 2019ರ ಜೂನ್ 28ರ ಜಿಎಸ್‌ಟಿ ಸುತ್ತೋಲೆ 102ರಲ್ಲಿ ನಮ್ಮಂತಹವರದ್ದೇ ಉದಾಹರಣೆ: 40,000ದ ಮೊಬೈಲನ್ನು 11,000ದ ನಾಲ್ಕು ಕಂತಿಗೆ ಕೊಟ್ಟ ಅಂಗಡಿಯವನು ತಡವಾದದ್ದಕ್ಕೆ ತಿಂಗಳಿಗೆ 500 ಹಾಕಿದರೆ, ಆ 500 ಮೊಬೈಲಿನ ಬೆಲೆಗೇ ಸೇರಿ ತೆರಿಗೆಗೆ ಒಳಪಡುತ್ತದೆ. ಅದೇ ಮೊಬೈಲಿಗೆ ಬೇರೆ ಹಣಕಾಸು ಸಂಸ್ಥೆ ಸಾಲ ಕೊಟ್ಟು ದಂಡದ ಬಡ್ಡಿ ಹಾಕಿದರೆ ತೆರಿಗೆಯಿಲ್ಲ. ಈ ತಡದ ಬಡ್ಡಿಯನ್ನೂ ಮೊದಲೇ ಗಳಿಸದ ಬಡ್ಡಿ ಎಂದು ಬರೆದಿಡಬೇಕೇ?

ಕುಂಬಳೆಯ ಲೆಕ್ಕಿಗ

ಬೇಡ. ತಡ ಆಗುತ್ತದೆಯೋ ಇಲ್ಲವೋ ಎಂದು ಮಾರಾಟದ ದಿನ ಯಾರಿಗೆ ಗೊತ್ತು? ಬಾಕಿಯ ಮುಖಬೆಲೆಯಲ್ಲಿ ಸೇರದೇ ಇರುವುದನ್ನು ಅದರಿಂದ ಕಳೆಯುವ ಪ್ರಶ್ನೆಯೇ ಬರುವುದಿಲ್ಲ. ತಡವಾದ ಮೇಲೆ, ವಸೂಲಾಗುತ್ತದೆ ಎಂಬ ನಂಬಿಕೆಯಿದ್ದರೆ ಮಾತ್ರ ಬರೆಯಿರಿ.

ಸೀತಾಂಗೋಳಿಯ ಸಣ್ಣ ಕೈಗಾರಿಕೆ

ಹಾಗಾದರೆ ನನ್ನದು ಯಾವ ಜಾತಿಯ ಬಡ್ಡಿ ಎಂದು ಹೇಳಿ. ನಮ್ಮದು ನೋಂದಾಯಿತ ಸಣ್ಣ ಉದ್ಯಮ. ಹೊರಗಿನ ದೊಡ್ಡ ಕಂಪನಿಯೊಂದು ಮಾಲು ಒಪ್ಪಿಕೊಂಡು ಎಂಟು ತಿಂಗಳಾದರೂ ಹಣ ಕೊಟ್ಟಿಲ್ಲ. ಸಣ್ಣ ಉದ್ಯಮಗಳ 2006ರ ಕಾಯಿದೆಯಂತೆ 45 ದಿನ ದಾಟಿದ ಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ ನಮಗೆ ಸಲ್ಲುತ್ತದೆ. ಕಾಲ ಕಳೆದಿದೆ, ಕಾನೂನು ಕೊಟ್ಟಿದೆ. ಮಾಸ್ತರ ತರ್ಕದಂತೆ ಇದು ಗಳಿಸಿದ ಬಡ್ಡಿ. ಬರೆಯಬಹುದಲ್ಲ?

ಪೆರ್ಲದ ನಿವೃತ್ತ ಮಾಸ್ತರು

ನನ್ನ ತರ್ಕಕ್ಕೇ ಸಿಕ್ಕಿಸಿದಿರಿ. ಕಾಲದ ದೃಷ್ಟಿಯಿಂದ ಗಳಿಸಿದ್ದು ಹೌದು.

ಮಂಜೇಶ್ವರದ ಸಿಎ ವಿದ್ಯಾರ್ಥಿನಿ

ಹೌದು, ಆದರೆ ಎಎಸ್ 9 ಇನ್ನೊಂದು ಬಾಗಿಲನ್ನೂ ಇಟ್ಟಿದೆ: ಕೊನೆಗೆ ವಸೂಲಾಗುತ್ತದೆ ಎಂಬ ಬಗ್ಗೆ ಅನಿಶ್ಚಿತತೆ ಇರುವಷ್ಟು ಕಾಲ ಆದಾಯವನ್ನು ಗುರುತಿಸುವುದನ್ನು ಮುಂದೂಡಬೇಕು. ಅಸಲನ್ನೇ ಕೊಡದವರು ಚಕ್ರಬಡ್ಡಿ ಕೊಡುತ್ತಾರೆಂದು ನೀವು ನಂಬುತ್ತೀರಾ? ಆ ಕಂಪನಿ ಲಿಖಿತವಾಗಿ ಒಪ್ಪಿದಾಗ ಅಥವಾ ತೀರ್ಪು ನಿಮ್ಮ ಪರವಾಗಿ ಬಂದು ವಸೂಲಾಗುವುದು ಖಚಿತವಾದಾಗ ಬರೆಯಿರಿ. ಹಕ್ಕನ್ನು ಮಾತ್ರ ಬಿಡಬೇಡಿ, ಪುಸ್ತಕದಲ್ಲಿ ಬರೆಯದಿದ್ದರೆ ಹಕ್ಕು ಹೋಗುವುದಿಲ್ಲ.

ಬ್ಯಾಂಕುಗಳಲ್ಲಿಯೂ ಇದೇ ವಿವೇಕವಿದೆ. ಬಾಕಿ 90 ದಿನ ದಾಟಿ ಅನುತ್ಪಾದಕವಾದ ಮೇಲೆ ಬಡ್ಡಿಯನ್ನು ಕೈಗೆ ಬಂದಾಗಲಷ್ಟೇ ಆದಾಯಕ್ಕೆ ಹಾಕುತ್ತಾರೆ, ಮೊದಲು ಹಾಕಿ ಬಾರದೆ ಉಳಿದದ್ದನ್ನು ತಿರುಗಿಸಿ ಬರೆಯುತ್ತಾರೆ.

ಸೀತಾಂಗೋಳಿಯ ಸಣ್ಣ ಕೈಗಾರಿಕೆ

ತಂಗಿ, ನೀವು ಹೇಳಿದ್ದು ಸರಿ, ಆದರೆ ಮನಸ್ಸಿಗೆ ಸಮಾಧಾನವಿಲ್ಲ.

ಬದಿಯಡ್ಕದ ಯಂತ್ರದಂಗಡಿ

ನಲವತ್ತರಲ್ಲಿ ಇಬ್ಬರು ಮಾರ್ಚಿನ ನಂತರ ಕಂತು ನಿಲ್ಲಿಸಿದ್ದಾರೆ, ಫೋನೂ ಎತ್ತುವುದಿಲ್ಲ. ಹಣ ಬಾರದೆ ಹೋದರೆ ಒಬ್ಬೊಬ್ಬರಿಂದ 50,400 ನಷ್ಟವೆಂದು ಬರೆಯಬೇಕೇ?

ಕುಂಬಳೆಯ ಲೆಕ್ಕಿಗ

ಇಲ್ಲ, 46,174 ಮಾತ್ರ. ಎಂದೂ ಆದಾಯವಾಗಿರದ 4,226 ನಷ್ಟವಾಗುವುದು ಸಾಧ್ಯವಿಲ್ಲ. ಮೀಸಲು ಇಡುವುದಾದರೂ ಬಾಕಿಯ ನಿವ್ವಳದ ಮೇಲೆಯೇ ಇಡಿ. ಆ ಇಬ್ಬರ ಖಾತೆಯಲ್ಲಿ ಏಪ್ರಿಲಿನಿಂದ ಬಡ್ಡಿಯನ್ನು ಆದಾಯಕ್ಕೆ ವರ್ಗಾಯಿಸುವುದನ್ನೂ ನಿಲ್ಲಿಸಿ.

ಕಾಸರಗೋಡಿನ ನಿವೃತ್ತ ಬ್ಯಾಂಕಿನವ

ಬದಿಯಡ್ಕದವರೇ, ಅಣ್ಣನ ಉತ್ಸಾಹ ನೋಡಿ ಒಂದು ಎಚ್ಚರಿಕೆ. ಸ್ವಂತ ಮಾಲನ್ನು ಕಂತಿಗೆ ಕೊಡುವಷ್ಟಕ್ಕೆ ತೊಂದರೆಯಿಲ್ಲ. ಆದರೆ ಬಡ್ಡಿಯ ರುಚಿ ಹತ್ತಿ, ಕಂಪನಿಯ ಆಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣಕಾಸಿನ ಆಸ್ತಿಯೂ, ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಅದರಿಂದ ಬಂದದ್ದೂ ಆದರೆ, ರಿಸರ್ವ್ ಬ್ಯಾಂಕಿನ ದೃಷ್ಟಿಯಲ್ಲಿ ನಿಮ್ಮ ಮುಖ್ಯ ವ್ಯವಹಾರ ಹಣಕಾಸೇ ಆಗುತ್ತದೆ, ನೋಂದಣಿಯಿಲ್ಲದೆ ಅದನ್ನು ನಡೆಸುವಂತಿಲ್ಲ. ಈ ಅಳತೆ ಮಾಡುವಾಗಲೂ ಬಡ್ಡಿ ಆದಾಯ ಎಷ್ಟು, ಬಾಕಿ ಎಷ್ಟು ಎಂಬುದು ಸರಿಯಾಗಿ ಗೊತ್ತಿರಬೇಕು.

ಇನ್ನು ಕರಾರಿನ ಭಾಷೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ಫಾರಂಗಳು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ, ಸಹಿ ಹಾಕುವವರು ಕನ್ನಡ ಓದುವವರು. 2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ಚಿಲ್ಲರೆ ಸಾಲಗಳಿಗೆ ವಾರ್ಷಿಕ ನಿಜದರವನ್ನು ತೋರಿಸುವ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಡಬೇಕು. ಅಂಗಡಿಗೆ ಆ ನಿಯಮ ಬಾಧಿಸದಿದ್ದರೂ, ‘ನೂರಕ್ಕೆ 12 ಫ್ಲಾಟ್, ಇಳಿಯುವ ಬಾಕಿಯ ಮೇಲೆ ಸುಮಾರು ಇಪ್ಪತ್ತೊಂದೂವರೆ’ ಎಂದು ಕನ್ನಡದಲ್ಲಿ ಒಂದು ಸಾಲು ಬರೆದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಉಪ್ಪಳದ ಮೊಬೈಲಂಗಡಿ

ಗಿರಾಕಿ ಹೋಗುತ್ತಾನೆ.

ಮುಳ್ಳೇರಿಯಾದ ಕೃಷಿಕ

ನಾನು ಹೋಗುವುದಿಲ್ಲ. ಸರಿಯಾಗಿ ಬರೆದವರ ಅಂಗಡಿಗೇ ಬರುತ್ತೇನೆ. ಆದರೆ ನಮ್ಮಂತಹವರು ತಿಂಗಳು ತಿಂಗಳು ಕಟ್ಟುವವರಲ್ಲ, ಚಾಲಿ ಕೊಟ್ಟಾಗ ಒಮ್ಮೆ 20,000, ಕಾಳುಮೆಣಸು ಕೊಟ್ಟಾಗ ಇನ್ನೊಮ್ಮೆ. ಆಗ ಮಾಸ್ತರ ಪಟ್ಟಿ ನಡೆಯುತ್ತದೆಯೇ?

ಪೆರ್ಲದ ನಿವೃತ್ತ ಮಾಸ್ತರು

ಪಟ್ಟಿ ನಡೆಯುವುದಿಲ್ಲ, ಕ್ರಮ ನಡೆಯುತ್ತದೆ. ಹಣ ಬಂದ ದಿನದವರೆಗೆ ಆಗಿನ ಬಾಕಿಯ ಮೇಲೆ ದಿನಲೆಕ್ಕದಲ್ಲಿ ಬಡ್ಡಿ ಹಿಡಿದು, ಬಂದ ಹಣದಲ್ಲಿ ಅದನ್ನು ಕಳೆದು, ಉಳಿದದ್ದನ್ನು ಅಸಲಿಗೆ ಹಾಕುವುದು. ನಮ್ಮ ಹಿರಿಯರು ಕೈಬರಹದ ಪುಸ್ತಕದಲ್ಲಿ ಇದನ್ನೇ ಮಾಡುತ್ತಿದ್ದರು. 78ರ ಸೂತ್ರ ಇಂತಹ ಕಡೆ ಪೂರ್ತಿ ಕೈಕೊಡುತ್ತದೆ, ಏಕೆಂದರೆ ಅದಕ್ಕೆ ತಿಂಗಳುಗಳು ಗೊತ್ತು, ಬಾಕಿ ಗೊತ್ತಿಲ್ಲ.

ಬದಿಯಡ್ಕದ ಯಂತ್ರದಂಗಡಿ

ಎಲ್ಲರಿಗೂ ಉಪಕಾರ. ಇವತ್ತು ಆಡಿಟರ ತಿದ್ದುಪಡಿಯನ್ನು ಒಪ್ಪಿ ಸಹಿ ಹಾಕಿದೆವು. ಬೇಗ ಮುಗಿಸುವವರಿಗೆ ಗಳಿಸದ ಬಡ್ಡಿಯನ್ನು ಬಿಟ್ಟುಕೊಡುವುದೆಂದು ಭಾವನೂ ಒಪ್ಪಿದ. ನಿಜದರವನ್ನು ಕರಾರಿನಲ್ಲಿ ಬರೆಯುವ ವಿಷಯದಲ್ಲಿ ಅಣ್ಣ ಇನ್ನೂ ಒಪ್ಪಿಲ್ಲ, ಉಪ್ಪಳದವರ ಮಾತನ್ನೇ ಹೇಳುತ್ತಾನೆ.

ಮಾಸ್ತರ ಪಟ್ಟಿಯನ್ನು ಹನ್ನೆರಡು ತಿಂಗಳಿಗೂ ನಾನೇ ಕುಳಿತು ಮಾಡಿದೆ. ಹನ್ನೊಂದನೆಯ ಕಂತಿನ ನಂತರ ಬಾಕಿ 5,501.18, ಕೊನೆಯ ತಿಂಗಳ ಬಡ್ಡಿ 98.36, ಒಟ್ಟು 5,599.54. ಕಂತು 5,600. ಗ್ರಾಹಕನಿಗೆ ನಾವು 46 ಪೈಸೆ ಹಿಂದಿರುಗಿಸಬೇಕೇ?

ಪೆರ್ಲದ ನಿವೃತ್ತ ಮಾಸ್ತರು

ಬೇಡ. ನಾನು ದರವನ್ನು ಮೂರು ದಶಾಂಶಕ್ಕೆ ನಿಲ್ಲಿಸಿದ್ದರಿಂದ ಉಳಿದದ್ದು ಅದು. ಕೊನೆಯ ತಿಂಗಳ ಬಡ್ಡಿಯನ್ನು 98.82 ಎಂದು ಬರೆಯಿರಿ, ಗಳಿಸದ ಬಡ್ಡಿಯ ಖಾತೆ ಸೊನ್ನೆಯಾಗುತ್ತದೆ.